ಮುದ್ದಮ್ಮನವರು ಹಕಾರ ಕಲಿತದ್ದು

ಪುಸ್ತಕವನ್ನು ಹಿಂದಿನಿಂದ ಓದುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕೊನೆಯ ಪುಟವನ್ನು ಮೊದಲೇ ಇಣುಕಿ ನೋಡಿ, ಆಮೇಲೆ ಏನೂ ಗೊತ್ತಿಲ್ಲದವರ ಹಾಗೆ ಮುಖ ಮಾಡಿಕೊಂಡು ಮೊದಲಿನಿಂದ ಶುರುಮಾಡುವ ಜನ ಅವರು. ಆದರೆ ನಮ್ಮ ಎದುರು ಮನೆಯ ಮುದ್ದಮ್ಮನವರು ಹಿಂದಿನಿಂದ ಓದಿದ್ದು ಬೇರೆ ಥರ. ಕಥೆಗಳೆಲ್ಲ ಮುಗಿದ ಮೇಲೆ, ಯಾವ ಸಂಗತಿ ಯಾವ ಪುಟದಲ್ಲಿದೆ ಎಂದು ಸಣ್ಣ ಅಕ್ಷರದಲ್ಲಿ ಅಕಾರಾದಿಯಾಗಿ ಹೇಳುವ ಹಾಳೆಗಳಿರುತ್ತವಲ್ಲ, ಅವರು ಓದಿದ್ದು ಅವನ್ನು ಮಾತ್ರ. ಒಂದು ಬೇಸಿಗೆ ಪೂರ್ತಿ, ಮಧ್ಯಾಹ್ನದ ಹೊತ್ತು, ಜಗುಲಿಯ ಮೇಲೆ ಕುಳಿತು ಗಟ್ಟಿಯಾಗಿ ಓದಿದರು.

ಹೂಟಗಳ್ಳಿಯ ನಮ್ಮ ಬೀದಿ ಎಷ್ಟು ಕಿರಿದೆಂದರೆ ಎದುರು ಮನೆಯಲ್ಲಿ ಒಗ್ಗರಣೆ ಹಾಕಿದರೆ ನಾನು ಸೀನಬೇಕು. ನನ್ನ ಹೊಲಿಗೆ ಯಂತ್ರ ಇರುವುದು ಬೀದಿಗೆ ತೆರೆದ ಮುಂಗೋಣೆಯಲ್ಲಿ. ಹಾಗಾಗಿ ಅವರು ಓದಿದ್ದನ್ನೆಲ್ಲ ನಾನೂ ಕೇಳಲೇಬೇಕಾಯಿತು. ಬ್ಲೌಸಿಗೆ ಕೊಕ್ಕೆ ಹಾಕುತ್ತಾ ತೂಕಡಿಸುವ ಹೊತ್ತಿಗೆ 'ಕಜ್ಜಿ, ಕಣ್ಣು, ಕನಸು, ಕಾಮಾಲೆ' ಎಂದು ಆ ದನಿ ಬೀದಿ ದಾಟಿ ತೇಲಿ ಬರುತ್ತಿತ್ತು. ಓದೋ ಜೋಗುಳವೋ ಗೊತ್ತಾಗುತ್ತಿರಲಿಲ್ಲ. ಸೂಜಿ ಕೈಯಲ್ಲೇ ಇರುತ್ತಿತ್ತು, ನಾನು ಎಲ್ಲೋ ಇರುತ್ತಿದ್ದೆ. ಹೊಂಗೆಮರದ ನೆರಳು ಅವರ ಜಗುಲಿ ಬಿಟ್ಟು ನನ್ನ ಬಾಗಿಲಿಗೆ ಬರುವ ತನಕ ಅದು ನಡೆಯುತ್ತಿತ್ತು.

ಅವರು ಓದುತ್ತಿದ್ದದ್ದು ಗಂಡ ಜವರಪ್ಪನವರಿಗೆ. ಜವರಪ್ಪನವರನ್ನು ಮೈಸೂರಿನಲ್ಲಿ ನೋಡಿದವರು ಕಡಿಮೆ, ಕೇಳಿದವರು ಬಹಳ. ಆಟೋದಲ್ಲಿ ಕುಳಿತು ಮೈಕಿನಲ್ಲಿ ಪ್ರಚಾರ ಮಾಡುವುದು ಅವರ ಕೆಲಸವಾಗಿತ್ತು. ಸೀರೆ ಮಾರಾಟ, ನೀರು ಬಿಡದ ದಿನ, ಕಣ್ಣಿನ ಶಿಬಿರ, ಕಳೆದುಹೋದ ಮಗು, ಎಲ್ಲವೂ ವಿಜಯನಗರದ ಬಡಾವಣೆಗಳಿಗೆ ಅವರ ಬಾಯಿಂದಲೇ ತಿಳಿಯುತ್ತಿತ್ತು. ನಂಜನಗೂಡಿನ ಕಡೆಯ ಹಳ್ಳಿಯಿಂದ ಬಂದವರು. ಶಾಲೆಯಲ್ಲಿ 'ಅಳೇ ಉಣಸೆಮರ' ಎಂದು ಓದಿದ್ದಕ್ಕೆ ಮೇಷ್ಟ್ರು ಇಡೀ ತರಗತಿಯನ್ನು ನಗಿಸಿದರಂತೆ. ಅವತ್ತಿನಿಂದ ಹಟ ಹಿಡಿದು ಹಕಾರ ಕಲಿತರು. ಹಳೆ, ಹೊಸ, ಹಬ್ಬ, ಹರಾಜು ಎಂದು ಅವರು ಮೈಕಿನಲ್ಲಿ ಹೇಳಿದರೆ ಒಂದೊಂದು ಹಕಾರವೂ ಮಡಿಕೆ ಬಿಚ್ಚಿದ ಹೊಸ ಬಟ್ಟೆಯ ಹಾಗೆ ಗರಿಗರಿಯಾಗಿರುತ್ತಿತ್ತು.

ಹೆಂಡತಿಯ ಬಾಯಲ್ಲಿ ಮಾತ್ರ ಆ ಅಕ್ಷರ ನಿಲ್ಲಲಿಲ್ಲ. ಹಾಲು ಆಲಾಯಿತು, ಹೂವು ಊವಾಯಿತು, ಹೂಟಗಳ್ಳಿ ಊಟಗಳ್ಳಿಯಾಯಿತು. ಊಟಗಳ್ಳಿಗೆ ಒಂದು ಟಿಕೆಟ್ ಕೊಡಿ ಅಂತಾಳೆ, ಊಟ ಕದ್ದವಳು ಯಾರಮ್ಮ ಅಂತ ಕಂಡಕ್ಟರು ಇವಳ ಮುಖ ನೋಡ್ತಾನೆ ಎಂದು ಜವರಪ್ಪನವರು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಮುದ್ದಮ್ಮನವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಸಿಟ್ಟು ಬರುತ್ತಿದ್ದದ್ದು ನನಗೆ.

ಲಕ್ವ ಹೊಡೆದಾಗ ಜವರಪ್ಪನವರ ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಕಾಲು ನಿಧಾನಕ್ಕೆ ವಾಪಸು ಬಂತು, ಕೈ ಅರ್ಧ ಬಂತು, ಮಾತು ಬರಲಿಲ್ಲ. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಬಾಯಿ ತೆರೆದರೆ ಏನೋ ಒಂದು ಸದ್ದು ಹೊರಡುತ್ತಿತ್ತು, ಆ ಸದ್ದಿಗೆ ಅವರೇ ನಾಚಿ ಬಾಯಿ ಮುಚ್ಚಿಬಿಡುತ್ತಿದ್ದರು.

ವಿಚಿತ್ರವೆಂದರೆ ಅವರ ದನಿ ಮಾತ್ರ ಊರಲ್ಲಿ ತಿರುಗುತ್ತಲೇ ಇತ್ತು. ಲೋಕೇಶನೆಂಬ ರಿಪೇರಿಯವನು ಹಿಂದೆಂದೋ ಅವರಿಂದ ಹೇಳಿಸಿ ಪೆನ್‌ಡ್ರೈವಿಗೆ ಹಾಕಿಟ್ಟುಕೊಂಡಿದ್ದ. 'ಹಳೇ ಕುಕ್ಕರ್, ಹಳೇ ಮಿಕ್ಸಿ, ಹಳೇ ಗ್ರೈಂಡರ್, ನಿಮ್ಮ ಮನೆ ಬಾಗಿಲಲ್ಲೇ ರಿಪೇರಿ' ಎನ್ನುತ್ತಾ ಅವನ ಆಟೋ ಆಗಾಗ ನಮ್ಮ ಬೀದಿಗೂ ಬರುತ್ತಿತ್ತು. ದೂರದಲ್ಲಿ ಆ ದನಿ ಕೇಳಿದರೆ ಜವರಪ್ಪನವರು ಕುರ್ಚಿಯಲ್ಲಿ ನೆಟ್ಟಗಾಗುತ್ತಿದ್ದರು. ಆಟೋ ಮನೆಯ ಮುಂದೆ ಹಾದು, ತಿರುವಿನಲ್ಲಿ ಮರೆಯಾಗಿ, ದನಿ ಸಣ್ಣಗಾಗಿ ಹೋಗುವ ತನಕ ಗಂಡ ಹೆಂಡತಿ ಇಬ್ಬರೂ ಆ ಕಡೆಗೇ ನೋಡುತ್ತಿದ್ದರು. ನೆಂಟರು ಬಾಗಿಲ ತನಕ ಬಂದು ಒಳಗೆ ಬಾರದೆ ಹೊರಟುಹೋದ ಹಾಗಿರುತ್ತಿತ್ತು. ಆ ದನಿ ತೆಗೆದುಬಿಡು ಅಂತ ಲೋಕೇಶನಿಗೆ ಹೇಳಲೇ ಎಂದು ಕೇಳಿದೆ. ಬೇಡ, ಅದಾದರೂ ಇರಲಿ ಎಂದರು ಮುದ್ದಮ್ಮನವರು.

ಅವರಿಗೆ ಬೇಕಾಗಿದ್ದದ್ದು ಒಂದೇ. ಅದನ್ನು ನನ್ನ ಬಾಗಿಲಲ್ಲಿ ನಿಂತು ನೇರವಾಗಿಯೇ ಹೇಳಿದ್ದರು. "ಕೈ ಬರ್ದಿದ್ರೆ ಬುಡ್ಲಿ ಕಣಮ್ಮ, ನಾನಿವ್ನಿ. ಮಾತು ಬರ್ಬೇಕು. ಈ ಮನೇಲಿ ಎಲ್ಲಾದ್ನೂ ನಾನೇ ಕೇಳ್ಕಂಡು ನಾನೇ ಉತ್ರ ಕೊಟ್ಕಂಡು ಕೂತಿವ್ನಿ." ಮಗಳು ಧರಣಿ ಫ್ಯಾಕ್ಟರಿಯ ಪಾಳಿಗೆ ಹೋದ ಮೇಲೆ ಆ ಮನೆಯಲ್ಲಿ ಒಬ್ಬರದೇ ದನಿ ಕೇಳುತ್ತಿತ್ತು, ಅದು ನಿಜ.

ಪುಸ್ತಕ ಸಿಕ್ಕಿದ್ದು ಮಾತು ಕಲಿಸುವ ಆಸ್ಪತ್ರೆಯ ಬೆಂಚಿನ ಮೇಲೆ. ಪಕ್ಕದಲ್ಲಿ ಕುಳಿತಿದ್ದ ಚರ್ಚಿನ ಹೆಂಗಸೊಬ್ಬರು ಚೀಲದಿಂದ ತೆಗೆದು ಕೊಟ್ಟರಂತೆ. ಪ್ರಾರ್ಥನೆಯಿಂದ ಗುಣವಾದವರ ಕಥೆಗಳು, ಇಟ್ಟಿಗೆಯಷ್ಟು ದಪ್ಪ. ನಾವು ಬುದ್ಧನ ಕಡೆಯವರು, ಮನೆಯಲ್ಲಿ ಅವರ ಪಟ ಇದೆ ಎಂದು ಮುದ್ದಮ್ಮನವರು ಮೊದಲೇ ಹೇಳಿಬಿಟ್ಟರು. ಪಟದ ಪಕ್ಕದಲ್ಲೇ ಇಡಿ, ಓದೋದಕ್ಕೇನು ಎಂದರಂತೆ ಆಯಮ್ಮ. ಒಳ್ಳೆಯ ಮಾತು ಎನ್ನಿಸಿ ತಂದರು.

ಮುದ್ದಮ್ಮನವರು ಓದಲು ಕಲಿತದ್ದು ಮದುವೆಯಾದ ಎಷ್ಟೋ ವರ್ಷಕ್ಕೆ, ಸಂಜೆಯ ಸಾಕ್ಷರತಾ ತರಗತಿಯಲ್ಲಿ. ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವವರು. ಕಥೆಯ ಸಾಲು ಅವರಿಗೆ ಬಲು ಉದ್ದ. ಕೊನೆ ಮುಟ್ಟುವಷ್ಟರಲ್ಲಿ ಮೊದಲು ಮರೆತುಹೋಗುತ್ತಿತ್ತು. ಹಿಂದಿನ ಹಾಳೆಗಳಲ್ಲಿ ಹಾಗಲ್ಲ. ಒಂದು ಪದ, ಒಂದು ಸಂಖ್ಯೆ, ಸಾಲು ಮುಗಿಯಿತು. ಅಲ್ಲಿ ಅವರಿಗೆ ನಡೆಯಲು ಜಾಗ ಸಿಕ್ಕಿತು.

ನಡೆದರು ಎಂದರೆ ನಡೆದೇ ನಡೆದರು. ರೋಗಗಳ ಸೂಚಿ ಇತ್ತು, ಊರುಗಳ ಸೂಚಿ ಇತ್ತು, ಗುಣವಾದವರ ಹೆಸರುಗಳದ್ದು ಬೇರೆ ಇತ್ತು. ಬೈಬಲಿನ ವೇದವಾಕ್ಯಗಳ ಪಟ್ಟಿಯಲ್ಲಿ ಏಳು, ಎರಡು ಚುಕ್ಕಿ, ಮೂವತ್ತೆರಡು ಎಂದಿದ್ದದ್ದನ್ನು ಬಸ್ಸಿನ ಹೊತ್ತು ಎಂದುಕೊಂಡು, ಇಷ್ಟೊಂದು ಬಸ್ಸು ಎಲ್ಲಿಗೆ ಓಗ್ತವೆ ಎಂದು ನನ್ನನ್ನು ಕೇಳಿದರು. ಕಠಿಣ ಪದಗಳಿಗೆ ಅರ್ಥ ಕೊಟ್ಟಿದ್ದ ಕಡೆ 'ಸಾಕ್ಷಿ' ಎಂಬುದಕ್ಕೆ 'ತನಗಾದ ಒಳಿತನ್ನು ತಾನೇ ನಾಲ್ಕು ಜನರ ಮುಂದೆ ಹೇಳುವುದು' ಎಂದಿತ್ತು. ಸಾಕ್ಷಿ ಅಂದರೆ ಕೋರ್ಟಿನದು ಮಾತ್ರ ಎಂದು ತಿಳಿದಿದ್ದ ಅವರಿಗೆ ಅದು ಬಹಳ ಹಿಡಿಸಿತು. 'ಕುರುಡು, ನೋಡಿ: ಕಣ್ಣು' ಎಂಬಲ್ಲಿ ಓದುವುದನ್ನು ನಿಲ್ಲಿಸಿ ನಕ್ಕರು. ಜವರಪ್ಪನವರೂ ಹೊಟ್ಟೆ ಕುಣಿಸಿ ಸದ್ದಿಲ್ಲದೆ ನಕ್ಕರು.

ಅವರು ಹುಡುಕುತ್ತಿದ್ದದ್ದು ಮಾತನ್ನು. 'ಮಾತು ನಿಲ್ಲುವುದು' ಎಂಬ ಸಾಲು ಸಿಕ್ಕಿದ ದಿನ ಬೀದಿ ದಾಟಿ ಬಂದು ನನಗೆ ತೋರಿಸಿದರು. ಮುಂದೆ ಸಂಖ್ಯೆ ಇರಲಿಲ್ಲ, 'ನೋಡಿ: ಮೂಕತನ' ಎಂದಿತ್ತು. ಮೂಕತನಕ್ಕೆ ಹೋದರೆ 'ನೋಡಿ: ನಾಲಿಗೆ'. ನಾಲಿಗೆಗೆ ಹೋದರೆ 'ನೋಡಿ: ಮಾತು ನಿಲ್ಲುವುದು'. ತಾವೇ ಎಲ್ಲೋ ತಪ್ಪಿದೆವೆಂದುಕೊಂಡು ಮಧ್ಯಾಹ್ನವೆಲ್ಲ ಆ ಮೂರು ಮನೆಗಳನ್ನೇ ಸುತ್ತಿದರು. ಪುಸ್ತಕ ಮಾಡಿದವರ ಎಡವಟ್ಟು ಕಣ್ರೀ, ಬಿಡಿ, ಮೊದಲಿಂದ ಕಥೆ ಓದಿ ಎಂದು ಗದರಿದೆ. ಬೇರೆಯವರ ಕಥೆ ನನಗೇಕೆ, ನಮ್ಮದು ಎಲ್ಲಿದೆ ಎಂದು ನೋಡುತ್ತಿದ್ದೇನೆ ಎಂದರು.

ಅವತ್ತು ಪುಸ್ತಕದ ಮೇಲೆ ತಲೆಯಿಟ್ಟು ಅಲ್ಲೇ ನಿದ್ದೆಹೋದರಂತೆ. ಕನಸಿನಲ್ಲಿ ಒಂದು ಊರು. ಬೀದಿಗಳಿಗೆಲ್ಲ ಅಕ್ಷರದ ಹೆಸರು. ಕಕಾರದ ಬೀದಿಯಲ್ಲಿ ಕಣ್ಣು ಕಂಡವರು ಬಟ್ಟೆ ಒಣಹಾಕುತ್ತಿದ್ದರು, ಜಕಾರದ ಬೀದಿಯಲ್ಲಿ ಜ್ವರ ಬಿಟ್ಟವರು ಕಂಬಳಿ ಕೊಡವುತ್ತಿದ್ದರು. ಬಿಸಿಲಿತ್ತು, ಆದರೆ ಸುಡುತ್ತಿರಲಿಲ್ಲ. ಮಾತಿನ ಮನೆ ಯಾವುದು ಎಂದು ಇವರು ಕೇಳುತ್ತಾ ಹೋದರೆ ಎಲ್ಲರೂ ನಗುನಗುತ್ತಾ 'ನೋಡಿ, ನೋಡಿ' ಎಂದು ಮುಂದಿನ ತಿರುವಿಗೆ ಕೈ ತೋರುತ್ತಿದ್ದರು. ಕೊನೆಯ ತಿರುವಿನಲ್ಲಿ ಗಂಡನ ದನಿ ಕೇಳಿತಂತೆ. ಓಡಿಹೋಗಿ ನೋಡಿದರೆ ಬರೀ ಮೈಕು. ಇದನ್ನು ಹೇಳುವಾಗ ಅವರ ಕೆನ್ನೆಯ ಮೇಲೆ ಪುಸ್ತಕದ ಅಂಚಿನ ಗೆರೆ ಇನ್ನೂ ಇತ್ತು.

ಹೆಸರುಗಳ ಸೂಚಿಯಲ್ಲಿ ಕೆಲವರ ಮುಂದೆ ನಕ್ಷತ್ರವಿತ್ತು. ಬೋರಮ್ಮ, ನಕ್ಷತ್ರ. ಪುಟ್ಟಸ್ವಾಮಿ, ನಕ್ಷತ್ರ. ಇವರೆಲ್ಲ ಚೆನ್ನಾಗಿ ಗುಣವಾದವರು ಇರಬೇಕು, ಶಾಲೆಯಲ್ಲಿ ಕೊಡುವ ಹಾಗೆ ಕೊಟ್ಟಿದ್ದಾರೆ ಎಂದು ಮುದ್ದಮ್ಮನವರು ತಿಳಿದಿದ್ದರು. ಒಂದು ದಿನ ಸಂಕೇತಗಳ ಅರ್ಥವಿದ್ದ ಪುಟಕ್ಕೆ ಬಂದರು. ನಕ್ಷತ್ರ ಎಂದರೆ, ಗುಣವಾಗಿ ಬಾಳಿ ಆನಂತರ ತೀರಿಕೊಂಡವರು. ಓದು ನಿಂತುಹೋಯಿತು. ನಾನೂ ಸೂಜಿ ಕೆಳಗಿಟ್ಟು ಆ ಕಡೆ ನೋಡಿದೆ. ಮುದ್ದಮ್ಮನವರು ಗಂಡನ ಕಡೆಗೆ ತಿರುಗಿ, ಇರ್ಲಿ ಬುಡಿ, ಬಾಳಿದ್ರಲ್ಲ ಎಂದು ಮುಂದಿನ ಸಾಲಿಗೆ ಬೆರಳಿಟ್ಟರು.

ನನಗೆ ತಡೆಯಲಾಗಲಿಲ್ಲ. ಒಂದು ಭಾನುವಾರ ಪುಸ್ತಕ ಇಸಕೊಂಡು, ಮನುಷ್ಯರು ಓದುವ ಹಾಗೆ, ಮೊದಲ ಪುಟದಿಂದ ಓದಿದೆ. ಸೂಚಿ ಮುಚ್ಚಿಟ್ಟಿದ್ದ ಕಥೆ ನಡುವೆಲ್ಲೋ ಸಿಕ್ಕಿತು. ಕಟ್ಟಡದ ಸಾರುವೆಯಿಂದ ಬಿದ್ದು ಮಾತು ಕಳೆದುಕೊಂಡಿದ್ದ ಒಬ್ಬ ಗಾರೆ ಕೆಲಸದವನು. ಜನ ಸೇರಿ ಪ್ರಾರ್ಥಿಸಿದರು, ಅವನು ಎದ್ದು ನಿಂತು ದೇವರನ್ನು ಕೊಂಡಾಡಿದ. ಅಷ್ಟೇ. ನಿಜ ಹೇಳಬೇಕೆಂದರೆ ನನಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು. ಹೋಗಿ ಮುದ್ದಮ್ಮನವರಿಗೆ ಓದಿ ಹೇಳಿದೆ. ಅವರು ತಲೆದೂಗಿ ಕೇಳಿಸಿಕೊಂಡು, ಮೊದಲು ಯಾವ ಮಾತು ಬಂತು ಎಂದು ಕೇಳಿದರು. ಕೊಂಡಾಡಿದ ಎಂದಿದೆ ಎಂದೆ. ಕೊಂಡಾಡೋದು ಆಮೇಲೆ ಇರಬೇಕು, ಮೊದಲು ಏನೋ ಒಂದು ಸಣ್ಣ ಮಾತು ಬಂದಿರುತ್ತೆ, ಅದನ್ನ ಬರೆಯೋದು ಮರೆತವ್ರೆ ಎಂದರು. ಮರೆತದ್ದಕ್ಕೆ ಅವರಿಗೆ ಬೇಸರವಾದ ಹಾಗಿತ್ತು.

ಆಸ್ಪತ್ರೆಯಲ್ಲಿ ಜವರಪ್ಪನವರಿಗೆ ಮಾತು ಕಲಿಸುತ್ತಿದ್ದದ್ದು ಸಮನ್ವಿತಾ ಎಂಬ ಹುಡುಗಿ, ಬಹಳ ತಾಳ್ಮೆಯವಳು. ಉಸಿರಿನಿಂದ ಶುರುಮಾಡೋಣ, ಉಸಿರೇ ಅಕ್ಷರವಾಗುವುದು ಹಕಾರದಲ್ಲಿ, ಅದಕ್ಕೆ ಮನೆಯಲ್ಲಿ ದಿನವೂ ಹಕಾರದ ಪದಗಳನ್ನು ನೀವು ಹೇಳಿ ಅವರಿಂದ ಹೇಳಿಸಿ ಎಂದಳು. ಎಲ್ಲಿ, ನೀವೊಂದೆರಡು ಹೇಳಿ ಎಂದಾಗ ಮುದ್ದಮ್ಮನವರು ಧೈರ್ಯವಾಗಿ ಅಲ್ಲು, ಅಸು, ಊವು ಎಂದರಂತೆ. ಹುಡುಗಿ ನಗಲಿಲ್ಲ. ಮೆಲ್ಲಗೆ, ಅಮ್ಮ, ನಿಮಗೂ ಹಕಾರ ಬರಬೇಕು, ಅವರು ನಿಮ್ಮ ಬಾಯಿ ನೋಡಿಯೇ ಕಲಿಯಬೇಕು ಎಂದಳು. ಇನ್ನೊಂದು ಮಾತನ್ನೂ ಹೇಳಿದಳು. ನಾವು ಹೇಳಿದ್ದನ್ನು ಅವರು ತಿರುಗಿ ಹೇಳಿದರೆ ಅದು ಅಭ್ಯಾಸ. ನಾವು ಹೇಳದ್ದನ್ನು ತಾವಾಗಿ ಹೇಳಿದರೆ ಆಗ ಮಾತು ಬಂತು ಎಂದು ತಿಳಿಯಿರಿ.

ಬಸ್ಸಿಳಿದವರು ಮನೆಗೆ ಹೋಗದೆ ನೇರ ನನ್ನ ಅಂಗಡಿಗೆ ಬಂದರು. "ಸುಚಿತ್ರಮ್ಮ, ಆ ಅಕ್ಷರನ ಎಂಗೆ ಅನ್ನೋದು, ಏಳ್ಕೊಡಿ" ಎಂದರು. ಇಷ್ಟು ವರ್ಷ ನಕ್ಕು ಕಳೆದಿದ್ದನ್ನು ಈಗ ಮೈಮೇಲೆ ಹಾಕಿಕೊಂಡು ಬಂದಿದ್ದರು. ನನಗೆ ಕಲಿಸಿ ಗೊತ್ತಿಲ್ಲ, ಬೈದು ಗೊತ್ತು. ಗಿರಾಕಿಗಳು ಬಟ್ಟೆ ಹಾಕಿ ನೋಡಿಕೊಳ್ಳುವ ಕನ್ನಡಿಯ ಮುಂದೆ ನಿಲ್ಲಿಸಿ, ಗಾಜಿನ ಮೇಲೆ ಮಂಜು ಕೂರುವ ಹಾಗೆ ಉಸಿರು ಬಿಡಿ, ಆ ಉಸಿರಿನ ಮೇಲೆ ಅಕ್ಷರ ಹತ್ತಿಸಿ ಎಂದೆ. ಕೆಲವು ಸಂಜೆ ಮಂಜು ಬಂತು, ಅಕ್ಷರ ಬರಲಿಲ್ಲ. ಆಮೇಲೆ ಅಕ್ಷರ ಬಂತು, ಎಲ್ಲ ಕಡೆಯೂ ಬಂತು. ಅಕ್ಕಿಯನ್ನು ಹಕ್ಕಿ ಎಂದರು, ಆನೆಯನ್ನು ಹಾನೆ ಎಂದರು. ನಾನು ಬೈದೆ. ಅವರು ಬಿಡಲಿಲ್ಲ. ಬೇಸಿಗೆ ನಡುವಿಗೆ ಬರುವಷ್ಟರಲ್ಲಿ ಹೂವು ಹೂವಾಯಿತು, ಹೂಟಗಳ್ಳಿ ಹೂಟಗಳ್ಳಿಯಾಯಿತು.

ಇಷ್ಟೆಲ್ಲ ಹಕಾರದ ಪದ ಎಲ್ಲಿಂದ ತರುವುದು? ತಲೆಯಲ್ಲಿದ್ದವು ಎರಡು ದಿನಕ್ಕೆ ಮುಗಿದವು. ಆಗ ಪುಸ್ತಕ ತೆರೆದರು. ರೋಗಗಳ ಸೂಚಿಯ ಕೊನೆಯಲ್ಲಿ ಹಕಾರಕ್ಕೇ ಎರಡು ಪುಟ ತುಂಬ ಸಾಲುಗಳು ಕಾದು ಕುಳಿತಿದ್ದವು. ಹಲ್ಲುನೋವು, ಹಸಿವು ಇಲ್ಲದಿರುವುದು, ಹಾವು ಕಡಿತ, ಹಿಮ್ಮಡಿ ಬಿರುಕು, ಹುಚ್ಚು, ಹುಣ್ಣು, ಹೃದಯ, ಹೆರಿಗೆ, ಹೊಟ್ಟೆನೋವು. ಅದನ್ನು ಬರೆದವರಿಗೆ ಇದು ಗೊತ್ತಿರಲಾರದು. ಯಾರದೋ ಹಲ್ಲು, ಯಾರದೋ ಹೆರಿಗೆ, ಅವರು ಅತ್ತು ಬೇಡಿ ಗುಣವಾದದ್ದೆಲ್ಲ ಸಣ್ಣ ಅಕ್ಷರಕ್ಕಿಳಿದು, ನಮ್ಮ ಬೀದಿಯ ಜಗುಲಿಯ ಮೇಲೆ ಒಬ್ಬ ಮನುಷ್ಯನ ಉಸಿರಿಗೆ ಮೆಟ್ಟಿಲಾಗಿತ್ತು. ಮುದ್ದಮ್ಮನವರು ಅಂಗೈಯನ್ನು ಗಂಡನ ಬಾಯಿಯ ಮುಂದೆ ಹಿಡಿದು, ಒಂದೊಂದೇ ಪದ ಹೇಳಿ, ಬಿಸಿ ತಾಗುವ ತನಕ ಕಾಯುತ್ತಿದ್ದರು. ತಾಗಿದರೆ ಮುಂದಿನ ಸಾಲು. ಉಸಿರು ಬರುತ್ತಿತ್ತು, ಪದ ಬರುತ್ತಿರಲಿಲ್ಲ. ಒಮ್ಮೊಮ್ಮೆ ಇಬ್ಬರೂ ಹಾಗೇ ತೂಗಿ ತೂಗಿ ಮಂಪರಿಗೆ ಜಾರುತ್ತಿದ್ದರು, ಕೈ ಮಾತ್ರ ಬಾಯಿಯ ಮುಂದೆ ಇದ್ದೇ ಇರುತ್ತಿತ್ತು.

ಆ ದಿನ ಮೋಡವಾಗಿತ್ತು, ಬೀದಿಯಲ್ಲಿ ಬೆಳಕು ತೆಳ್ಳಗೆ ಹರಡಿತ್ತು. ಬೆಳಿಗ್ಗೆ ತಾನೇ ಮುದ್ದಮ್ಮನವರು ನನ್ನ ಹತ್ತಿರ ಬಂದು, ತುಂಬು ಹಕಾರದಲ್ಲಿ, ಹಸಿರು ದಾರ ಒಂದು ಗೇಣು ಕೊಡಿ ಎಂದು ಇಸಕೊಂಡು ಹೋಗಿದ್ದರು. ಮಧ್ಯಾಹ್ನ ಓದು ಹಲ್ಲುನೋವಿನಿಂದ ಶುರುವಾಗಿ ಹೃದಯದ ತನಕ ಬಂದಿತ್ತು. ನಾನು ಯಂತ್ರ ತುಳಿಯುತ್ತಿದ್ದೆ. ಜವರಪ್ಪನವರ ಕಡೆಯಿಂದ ಏನೋ ಸದ್ದು ಬಂತು.

ಮುದ್ದಮ್ಮನವರು ತಲೆ ಎತ್ತಲಿಲ್ಲ. ಅದು ಆಗಲೇ ಮುಗೀತಲ್ಲ, ಹಿಂದಿನ ಪುಟದ್ದು ಅದು, ಈಗ ಹೃದಯ ಎಂದು ಬೆರಳನ್ನು ಸಾಲಿನ ಮೇಲೇ ಒತ್ತಿ ಹಿಡಿದರು. ಜವರಪ್ಪನವರು ತಲೆಯಾಡಿಸಿದರು. ಎಡಗೈ ಚಾಚಿ, ಹೆಂಡತಿಯ ಬೆರಳಿದ್ದ ಹಾಗೆಯೇ ಪುಸ್ತಕವನ್ನು ಮುಚ್ಚಿದರು.

"ಅಸಿವು" ಎಂದರು.

ನಾನು ತುಳಿಯುವುದನ್ನು ನಿಲ್ಲಿಸಿದೆ. ದನಿ ಒರಟಾಗಿತ್ತು, ಮೈಕಿನ ದನಿಯಲ್ಲ, ಯಾರದೋ ಹೊಸಬರದು. ಹಕಾರ ಇರಲಿಲ್ಲ. ಜನ್ಮವೆಲ್ಲ ಮೆರೆಸಿದ್ದ ಆ ಅಕ್ಷರವಿಲ್ಲದೆ ಅವರ ಬಾಯಿಂದ ಪದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹಸಿವು ಅನ್ನಿಸಿ, ಇನ್ನೊಂದು ಸಲ ಹೇಳಿಸಿ ಎಂದು ಕೂಗಲು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಮುದ್ದಮ್ಮನವರ ಅಂಗೈ ಇನ್ನೂ ಗಂಡನ ಬಾಯಿಯ ಮುಂದೆಯೇ ಇತ್ತು. ಅವರು ಅದನ್ನು ನಿಧಾನವಾಗಿ ಇಳಿಸಿ ಗಂಡನ ಮಂಡಿಯ ಮೇಲಿಟ್ಟರು.

"ಅಸಿವಾ?" ಎಂದು ಕೇಳಿದರು.

ಅಷ್ಟು ಕಷ್ಟಪಟ್ಟು ಗಳಿಸಿದ್ದನ್ನು ಬೇಕೆಂದೇ ಕೆಳಗಿಟ್ಟು ಕೇಳಿದರು, ನನಗೆ ಅನುಮಾನವಿಲ್ಲ. ಜವರಪ್ಪನವರು ಹೂಂಗುಟ್ಟಿದರು. ಮುದ್ದಮ್ಮನವರು ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋಗಿ ತಟ್ಟೆ ತಂದು, ಅನ್ನ ಬಡಿಸಿ, ಸಾರು ಬಿಟ್ಟರು. ಇಷ್ಟು ತಿಂಗಳು ಜವರಪ್ಪನವರು ಬಡಿಸಿದಾಗ ಉಂಡಿದ್ದರು. ಅವತ್ತು ಕೇಳಿ ಉಂಡರು.